ಮಕ್ಕಳ ಭಯ ಬಿಡಿಸಲು ಬಾಗರ್ಟ್ ಪಾಠ: ಮನೆಯಲ್ಲಿ ಮಾಡುವ ಕ್ರಮ

ಹ್ಯಾರಿ ಪಾಟರ್ ಸರಣಿಯ ಮೂರನೆಯ ಪುಸ್ತಕ (1999), ಏಳನೆಯ ಅಧ್ಯಾಯ. ಬೀರುವಿನೊಳಗೆ ಬಾಗರ್ಟ್ ಎಂಬ ಜೀವಿ ಇದೆ. ಎದುರು ನಿಂತವರಿಗೆ ಯಾವುದರ ಭಯ ಹೆಚ್ಚೋ ಆ ರೂಪ ತಾಳುತ್ತದೆ, ನಕ್ಕರೆ ಸೋಲುತ್ತದೆ. ನಾಯಿ, ಕತ್ತಲೆ, ಜಿರಳೆ, ವೇದಿಕೆ ಎಂದರೆ ಹೆದರುವ, ಒಂಬತ್ತು ದಾಟಿದ ಮಕ್ಕಳಿಗೆ ಇದನ್ನು ಓದಿಹೇಳಬಹುದು.

ಓದುವಾಗ ಲೂಪಿನ್ ಮೇಷ್ಟ್ರ ತಯಾರಿಯನ್ನು ಗಮನಿಸಿ. ಬೀರು ತೆಗೆಯುವ ಮೊದಲೇ ನೆವಿಲ್ ಎಂಬ ಹುಡುಗನ ಬಾಯಲ್ಲಿ ಅವನ ಭಯದ ಹೆಸರು ಹೇಳಿಸುತ್ತಾರೆ, ಆಮೇಲೆ ಆ ಭಯದ ರೂಪಕ್ಕೆ ತೊಡಿಸಿ ನಗಲೆಂದು ಅವನ ಅಜ್ಜಿಯ ಉಡುಪಿನ ವಿವರ ಕೇಳುತ್ತಾರೆ: ರಣಹದ್ದು ಕೂರಿಸಿದ ಟೋಪಿ, ಹಸಿರು ಗೌನು, ಕೆಂಪು ಕೈಚೀಲ. ಮಿಕ್ಕ ಮಕ್ಕಳಿಗೂ ಯೋಚಿಸಲು ಸಮಯ ಕೊಡುತ್ತಾರೆ. ಧೈರ್ಯ ಹುಟ್ಟುವುದು ಈ ತಯಾರಿಯಲ್ಲೇ.

ಓದುವುದು ಸಂಜೆ ಇರಲಿ, ಮಲಗುವ ಹೊತ್ತಿಗೆ ಬೇಡ. ಮುಗಿದ ಮೇಲೆ ಮಗುವಿಗೆ ತನ್ನ ಭಯಗಳನ್ನು ಬರೆದು, ಹತ್ತಕ್ಕೆ ಇಂತಿಷ್ಟು ಎಂದು ಅಂಕ ಹಾಕಲು ಹೇಳಿ. ಮೂರು, ನಾಲ್ಕು ಅಂಕದ್ದನ್ನು ಮೊದಲು ಎತ್ತಿಕೊಳ್ಳಿ. ಒಂಬತ್ತರದ್ದಕ್ಕೆ ಕೈಹಾಕಿದರೆ ಮಗು ನಡುವೆಯೇ ಎದ್ದು ಹೋಗುತ್ತದೆ, ಓಡಿದ್ದರಿಂದಲೇ ಬಚಾವಾದೆ ಎಂದು ಮನಸ್ಸು ಕಲಿತುಬಿಡುತ್ತದೆ. ಹಾಳೆಯ ಎಡಕ್ಕೆ ಭಯದ ಚಿತ್ರ, ಬಲಕ್ಕೆ ಅದೇ ನಗು ಬರಿಸುವ ವೇಷದಲ್ಲಿ. ಬೀದಿನಾಯಿಗೆ ಮೈಸೂರು ಪೇಟ ತೊಡಿಸಲಿ, ಸೈಕಲ್ ಹತ್ತಿಸಲಿ. ಆ ವೇಷ ಮಗುವಿನದೇ ಆಗಿರಬೇಕು. ಅಪ್ಪ ಅಮ್ಮ ಹೇಳಿಕೊಟ್ಟ ತಮಾಷೆಗೆ ಮಗು ನಿಮ್ಮ ಸಂತೋಷಕ್ಕೆ ನಗುತ್ತದೆ, ಭಯ ಅಲ್ಲೇ ಇರುತ್ತದೆ. ‘ಇಷ್ಟಕ್ಕೆಲ್ಲಾ ಹೆದರ್ತೀಯಾ’ ಎಂದು ಯಾರೂ ಅನ್ನಕೂಡದು. ನಗಬೇಕಾದದ್ದು ಭಯದ ಮೇಲೆ, ಮಗುವಿನ ಮೇಲಲ್ಲ.

ಚಿತ್ರಕ್ಕೇ ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು. ಎರಡು ಮೂರು ದಿನ ಬಿಟ್ಟು ನಾಯಿಯ ಫೋಟೋ ತೋರಿಸಿ, ಆಮೇಲೆ ಕಿಟಕಿಯಿಂದ ನಾಯಿ ನೋಡಲಿ, ನಂತರ ಕಟ್ಟಿಹಾಕಿದ ಸಾಧು ನಾಯಿಯಿಂದ ಇಪ್ಪತ್ತು ಅಡಿ ದೂರ ನಿಲ್ಲಲಿ, ನೀವು ಜೊತೆಗಿರಿ. ಭಯದ ಅಂಕ ಅರ್ಧಕ್ಕೆ ಇಳಿಯುವವರೆಗೂ ಅಲ್ಲೇ ಇದ್ದು, ಆಮೇಲೆ ಹೊರಡಿ. ಬಾಗರ್ಟ್ ಎದುರಿಸುವಾಗ ಜೊತೆಗೆ ಜನ ಇರಬೇಕೆಂದು ಲೂಪಿನ್ ಹೇಳುವುದು ಇಲ್ಲೂ ನಿಜ.

ಈ ಪಾಠಕ್ಕೆ ಒಗ್ಗದ ಭಯಗಳೂ ಇವೆ. ಹ್ಯಾರಿಯ ಸರದಿ ಬಂದಾಗ ಲೂಪಿನ್ ತಾವೇ ಅಡ್ಡ ನಿಲ್ಲುತ್ತಾರೆ. ಮನೆಯಲ್ಲಿ ಸಾವಾಗಿದ್ದರೆ, ಯಾರಾದರೂ ಹೊಡೆಯುತ್ತಿದ್ದರೆ, ಮುಟ್ಟಬಾರದ ಕಡೆ ಮುಟ್ಟಿದ್ದರೆ ಅದನ್ನು ತಮಾಷೆ ಮಾಡಿಸುವುದು ಕ್ರೌರ್ಯ. ನೆವಿಲ್ ಹೆದರುವುದು ಸ್ನೇಪ್ ಎಂಬ ಮೇಷ್ಟ್ರಿಗೆ. ನಿಮ್ಮ ಮಗುವೂ ಮೇಷ್ಟ್ರ ಹೆಸರು ಬರೆದರೆ ಬಣ್ಣದ ಪೆನ್ಸಿಲ್ ಬದಿಗಿಟ್ಟು, ತರಗತಿಯಲ್ಲಿ ಏನಾಗುತ್ತಿದೆ ಎಂದು ಮೊದಲು ಕೇಳಿ. ಭಯದಿಂದ ನಿದ್ದೆ, ಊಟ, ಶಾಲೆ ಎರಡು ವಾರದಿಂದ ಕೆಟ್ಟಿದ್ದರೆ ಮಕ್ಕಳ ಮನೋವೈದ್ಯರಿಗೆ ತೋರಿಸಿ, ಇಲ್ಲವೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.