ಅಂಡಮಾನಿನಲ್ಲಿ ದ್ವೀಪದಿಂದ ದ್ವೀಪಕ್ಕೆ, ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು

ಅಂಡಮಾನ್‌ಗೆ ಹೊರಟವರು ನನ್ನನ್ನು ಮೊದಲು ಕೇಳುವುದು, "ಎಷ್ಟು ದ್ವೀಪ ನೋಡಬಹುದು?" ಅಂತ. ನಾನು ಅವರನ್ನು ಕೇಳುವುದು, "ಒಂದೊಂದರಲ್ಲಿ ಎಷ್ಟು ದಿನ ಇರ್ತೀರಿ?" ಅಂತ. ಪ್ಯಾಕೇಜ್ ತಗೊಳ್ಳದೆ ಓಡಾಡಿ ಬಂದ ಮೇಲೆ ನನಗೆ ಗಟ್ಟಿಯಾದ ಮಾತು ಇದು: ಅಲ್ಲಿ ಹಡಗು ಯಾವಾಗ ಬಿಡುತ್ತದೆ, ಕಡಲು ಯಾವಾಗ ಇಳಿಯುತ್ತದೆ ಅನ್ನುವುದರ ಮೇಲೆ ನಮ್ಮ ದಿನ ಕಟ್ಟಿಕೊಳ್ಳಬೇಕು. ಹಾಗೆ ಮಾಡಿದರೆ ನಡುವೆ ಖಾಲಿ ಹೊತ್ತು ತಾನಾಗೇ ಸಿಗುತ್ತದೆ. ವಿಶ್ರಾಂತಿ ಅಂತ ಬೇರೆ ಹುಡುಕಬೇಕಾಗಿಲ್ಲ.

ಇದರ ಜೊತೆಗೆ ಸೂರ್ಯನ ಲೆಕ್ಕವೂ ಒಂದಿದೆ. ಗಡಿಯಾರ ನಮ್ಮದೇ, ಆದರೆ ದ್ವೀಪಗಳು ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿವೆ. ಅಂದರೆ ಸೂರ್ಯ ಸುಮಾರು ಒಂದು ಗಂಟೆ ಮುಂದೆ. ಬೆಳಗ್ಗೆ ಐದು, ಐದೂವರೆಗೆಲ್ಲ ಬೆಳಕಾಗಿರುತ್ತದೆ, ಚಳಿಗಾಲದಲ್ಲಿ ಸಂಜೆ ಐದೂವರೆಗೆ ಕತ್ತಲು ಕವಿಯುತ್ತದೆ. ಎಂಟು ಗಂಟೆಗೆ ಎದ್ದು, ತಿಂಡಿ ತಿಂದು ಹೊರಡುತ್ತೇನೆ ಅಂದರೆ ಅರ್ಧ ದಿನ ಹೋದಂತೆಯೇ. ನಾನು ಅಲ್ಲಿದ್ದಷ್ಟು ದಿನ ಬೆಳಕಿನ ಜೊತೆಗೇ ಎದ್ದೆ, ಎಂಟೂವರೆಗೆ ಮಲಗಿದೆ. ಮೈಗೆ ಅದೇ ಹಿತ ಅನ್ನಿಸಿತು.

ಹೆಸರುಗಳ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಹ್ಯಾವ್‌ಲಾಕ್‌ಗೆ 2018ರಿಂದ ಸ್ವರಾಜ್ ದ್ವೀಪ, ನೀಲ್‌ಗೆ ಶಹೀದ್ ದ್ವೀಪ ಅನ್ನುವ ಹೆಸರಿದೆ. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಯಿತು. ಟಿಕೆಟ್ ಮಾಡಿಸುವಾಗ ಎರಡೂ ಹೆಸರು ನೆನಪಿರಲಿ, ಜನರ ಬಾಯಲ್ಲಿ ಹಳೆಯದೇ ಜಾಸ್ತಿ. ನಾನೂ ಹಳೆಯದನ್ನೇ ಬರೆಯುತ್ತೇನೆ.

ಬ್ಯಾಗ್ ವಿಷಯದಲ್ಲಿ ನನ್ನದು ಕಟ್ಟುನಿಟ್ಟು. ವಿಮಾನದೊಳಗೆ ಕೈಯಲ್ಲಿ ಒಯ್ಯಲು ಬಿಡುವ 7 ಕಿಲೋ ಮೀರಬಾರದು. ಜೆಟ್ಟಿಯಲ್ಲಿ ಹಲಗೆ ಮೇಲೆ ನಡೆದು ಹಡಗು ಹತ್ತುವಾಗ, ಬಸ್ಸಿನಲ್ಲಿ ನಿಂತು ಹೋಗುವಾಗ ಇದರ ಬೆಲೆ ಗೊತ್ತಾಗುತ್ತದೆ. ಬೇಗ ಒಣಗುವ ಎರಡು ಜೊತೆ ಬಟ್ಟೆ, ಹಿಂದೆ ಪಟ್ಟಿ ಇರುವ ಚಪ್ಪಲಿ, ಹಣೆಗೆ ಕಟ್ಟುವ ಟಾರ್ಚ್, ಫೋನ್ ಮತ್ತು ದುಡ್ಡಿಗೆ ನೀರು ಹೋಗದ ಡ್ರೈ ಬ್ಯಾಗ್, ನೀರಿನ ಮೇಲೆ ತೇಲುತ್ತಾ ಕೆಳಗೆ ನೋಡಲು ನನ್ನದೇ ಒಂದು ಸ್ನಾರ್ಕಲ್ ಮಾಸ್ಕ್. ಜೊತೆಗೊಂದು ಹಳೇ ಹತ್ತಿ ಪಂಚೆ. ಅದನ್ನು ಬಿಟ್ಟು ನಾನು ಕಡಲ ಕಡೆ ಹೋಗುವುದೇ ಇಲ್ಲ. ಹಾಸಲು, ಹೊದೆಯಲು, ಮೈ ಒರೆಸಲು, ಬಿಸಿಲಿಗೆ ತಲೆ ಮೇಲೆ ಹಾಕಿಕೊಳ್ಳಲು, ಮರೆ ಮಾಡಿಕೊಂಡು ಬಟ್ಟೆ ಬದಲಿಸಲು, ಎಲ್ಲಕ್ಕೂ ಅದೊಂದೇ ಸಾಕು. ನೋಟುಗಳನ್ನು ಪೋರ್ಟ್ ಬ್ಲೇರ್‌ನಲ್ಲೇ ತೆಗೆದಿಟ್ಟುಕೊಳ್ಳಿ. 2020ರಲ್ಲಿ ಚೆನ್ನೈನಿಂದ ಕಡಲಡಿಯ ಕೇಬಲ್ ಬಂದ ಮೇಲೆ ನೆಟ್‌ವರ್ಕ್ ಸುಧಾರಿಸಿದೆ. ಆದರೂ ಚಿಕ್ಕ ದ್ವೀಪಗಳಲ್ಲಿ ಎಟಿಎಂ ನಂಬಿಕೊಂಡು ಹೋಗಬೇಡಿ.

ದ್ವೀಪಗಳ ನಡುವೆ ಖಾಸಗಿ ವೇಗದ ಹಡಗುಗಳಿವೆ, ಸರ್ಕಾರಿ ಹಡಗುಗಳೂ ಇವೆ. ಹ್ಯಾವ್‌ಲಾಕ್‌ಗೆ ಖಾಸಗಿಯದ್ದು ಒಂದೂವರೆ ಗಂಟೆ, ಸರ್ಕಾರಿಯದ್ದು ಎರಡೂವರೆ ಗಂಟೆಯ ಹತ್ತಿರ. ದರದಲ್ಲಿ ಬಹಳ ವ್ಯತ್ಯಾಸ. ನನ್ನ ಓಟು ಸರ್ಕಾರಿ ಹಡಗಿಗೇ, ದುಡ್ಡು ಉಳಿಯುತ್ತದೆ ಅಂತ ಮಾತ್ರ ಅಲ್ಲ. ಖಾಸಗಿ ಹಡಗಿನಲ್ಲಿ ಹೆಚ್ಚಿನ ಹೊತ್ತು ಗಾಜಿನೊಳಗೆ ಎಸಿಯಲ್ಲಿ ಕೂರಬೇಕು. ಸರ್ಕಾರಿ ಹಡಗಿನಲ್ಲಿ ಮೇಲಿನ ಡೆಕ್ಕಿಗೆ ಹೋಗಿ ನಿಲ್ಲಬಹುದು. ಮುಂಭಾಗದಲ್ಲಿ ನೀರು ಸೀಳಿದ ಜಾಗ ನೋಡುತ್ತಿದ್ದರೆ ಹಾರುವ ಮೀನುಗಳು ಚಿಮ್ಮಿ, ನೀರಿಗೆ ತಾಗಿಕೊಂಡೇ ದೂರ ಹಾರಿ ಮುಳುಗುತ್ತವೆ. ನೀಲ್‌ನಿಂದ ಹೊರಟ ಹಡಗಿನಲ್ಲಿ ಬದನೆ, ಬೆಂಡೆ ಮೂಟೆಗಳು ಪೋರ್ಟ್ ಬ್ಲೇರ್ ಮಾರುಕಟ್ಟೆಗೆ ಹೋಗುತ್ತವೆ. ಪಕ್ಕದಲ್ಲಿ ಕೂತವರು ಆಸ್ಪತ್ರೆಗೋ, ಮಗಳ ಕಾಲೇಜಿಗೋ, ಮದುವೆಗೋ ಹೊರಟವರು. ಅವರಿಗೆ ಇದು ನಮ್ಮ ಕೆಎಸ್‌ಆರ್‌ಟಿಸಿ ಬಸ್ ಇದ್ದ ಹಾಗೆ. ಅದಕ್ಕೇ ಸೀಟಿನಲ್ಲಿ ಸ್ಥಳೀಯರಿಗೆ ಆದ್ಯತೆ ಇದೆ, ಇರಬೇಕಾದ್ದೇ. ನಾವು ಬೆಳಗ್ಗೆ ಬೇಗ ಫೀನಿಕ್ಸ್ ಬೇ ಜೆಟ್ಟಿಯ ಕೌಂಟರಿಗೆ ಹೋಗಬೇಕು, ಸಿಗದಿದ್ದರೆ ಇನ್ನೊಂದು ದಿನ ಉಳಿಯುವ ಪುರುಸೊತ್ತು ಇಟ್ಟುಕೊಂಡಿರಬೇಕು. ಕಡಲು ಕೆಟ್ಟರೆ ಯಾವ ಹಡಗೂ ಬಿಡುವುದಿಲ್ಲ. ಮೇ ತಿಂಗಳಿಂದ ಮಳೆಗಾಲದುದ್ದಕ್ಕೂ ಇದು ಮಾಮೂಲು. ಡಿಸೆಂಬರ್ ಕೊನೆಯಿಂದ ಏಪ್ರಿಲ್‌ವರೆಗಿನ ಹೊತ್ತು ಒಳ್ಳೆಯದು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನೀಲ್. ಸೈಕಲ್ ಬಾಡಿಗೆಗೆ ತಗೊಂಡರೆ ಒಂದು ದಿನದಲ್ಲಿ ಇಡೀ ದ್ವೀಪ ಸುತ್ತಬಹುದು. ದಾರಿ ಉದ್ದಕ್ಕೂ ಗದ್ದೆ, ಅಡಿಕೆ, ಬಾಳೆ. ಕರಾವಳಿ, ಮಲೆನಾಡಿನವರಿಗೆ ಊರಿಗೆ ಬಂದ ಹಾಗಾಗುತ್ತದೆ. ದೇಶ ಒಡೆದ ಮೇಲೆ ಪೂರ್ವ ಬಂಗಾಳದಿಂದ ಬಂದ ಕುಟುಂಬಗಳು ಇಲ್ಲಿ ನೆಲೆಸಿ ಬೇಸಾಯ ಮಾಡಿದವು. ಲಕ್ಷ್ಮಣಪುರ, ಸೀತಾಪುರ, ಭರತಪುರ ಅಂತ ಊರುಗಳ ಹೆಸರು. ಊಟಕ್ಕೆ ಅನ್ನ, ಬೇಳೆ, ಆಲೂ ಭಾಜಾ, ಮೀನಿನ ಸಾರು.

ಲಕ್ಷ್ಮಣಪುರದ ಎರಡನೇ ಬೀಚಿನಲ್ಲಿ ಕಡಲು ಕೊರೆದು ಮಾಡಿದ ಕಲ್ಲಿನ ಸೇತುವೆ ಇದೆ. ಹೆಚ್ಚಿನವರು ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಂಡು ವಾಪಸಾಗುತ್ತಾರೆ. ಅಲ್ಲಿಗೆ ಇಳಿತದ ಹೊತ್ತಿಗೇ ಹೋಗಬೇಕು. ಉಬ್ಬರವಿಳಿತದ ಪಟ್ಟಿ ಫೋನಿನಲ್ಲೇ ಸಿಗುತ್ತದೆ, ಉಳಿದುಕೊಂಡ ಮನೆಯವರನ್ನು ಕೇಳಿದರೂ ಹೇಳುತ್ತಾರೆ. ಇಳಿತ ಪೂರ್ತಿ ಆಗುವ ಒಂದು ಗಂಟೆ ಮೊದಲು ಹೋದೆ. ನೀರು ಹಿಂದೆ ಸರಿದಂತೆ ಬಂಡೆಗಳ ನಡುವೆ ಗುಂಡಿಗಳಲ್ಲಿ ನೀರು ಉಳಿಯಿತು. ಒಂದು ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಮೊದಲು ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಕಲ್ಲು ಅಂದುಕೊಂಡದ್ದು ಮೆಲ್ಲಗೆ ಅಲುಗಿತು, ಕಪ್ಪಗೆ ಉದ್ದಕ್ಕೆ ಮಲಗಿದ್ದ ಕಡಲ ಸೌತೆ ಅನ್ನುವ ಮೆತ್ತನೆಯ ಜೀವಿ. ಬಿರುಕಿನಿಂದ ಬ್ರಿಟಲ್ ಸ್ಟಾರ್ ಅನ್ನುವ, ನಕ್ಷತ್ರ ಮೀನಿನಂಥ ಜೀವಿಯ ತೆಳ್ಳನೆ ತೋಳುಗಳು ಹೊರಗೆ ಬಂದವು. ಹವಳದ ನಡುವೆ ಸಿಕ್ಕಿಕೊಂಡಿದ್ದ ದೊಡ್ಡ ಚಿಪ್ಪೊಂದರ ಬಾಯಂಚು ನೀಲಿ, ಹಸಿರು ಬಣ್ಣ. ನನ್ನ ನೆರಳು ಬಿದ್ದದ್ದೇ ತಡ, ಮುಚ್ಚಿಕೊಂಡಿತು. ನೆರಳು ಸರಿಸಿ ಕಾದರೆ ನಿಧಾನಕ್ಕೆ ತೆರೆಯಿತು. ಹೆಜ್ಜೆ ಬರಿ ಕಲ್ಲಿನ ಮೇಲೆ, ಮರಳಿನ ಮೇಲೆ ಇಡಿ. ಹವಳ ತುಳಿದರೆ ಸಾಯುತ್ತದೆ, ಮತ್ತೆ ಬೆಳೆಯಲು ವರ್ಷಗಟ್ಟಲೆ ಬೇಕು.

ಹ್ಯಾವ್‌ಲಾಕ್ ದೊಡ್ಡದು, ಜನವೂ ಜಾಸ್ತಿ. ಜೆಟ್ಟಿಯಿಂದ ರಾಧಾನಗರ ಬೀಚಿಗೆ ಬಸ್ಸಿದೆ. ಎರಡು ಕಿಲೋಮೀಟರ್ ಬಿಳಿ ಮರಳು, ಹಿಂದೆ ಎತ್ತರದ ಕಾಡುಮರಗಳು. ಬಲಗಡೆಗೆ ಸುಮ್ನೆ ನಡೆದುಬಿಡಿ, ಗದ್ದಲ ಹಿಂದೆ ಉಳಿಯುತ್ತದೆ. ಎಲಿಫೆಂಟ್ ಬೀಚಿಗೆ ದೋಣಿಯಲ್ಲೂ ಹೋಗಬಹುದು, ಕಾಡಿನೊಳಗೆ ಸುಮಾರು ಎರಡು ಕಿಲೋಮೀಟರ್ ನಡೆದೂ ಹೋಗಬಹುದು. ನಡೆಯುವುದಾದರೆ ದಾರಿ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ. ಕೊನೆಗೆ ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡಗಳ ಕೆಸರು ಸಿಗುತ್ತದೆ, ಉಬ್ಬರವಿದ್ದರೆ ಅಲ್ಲಿ ನೀರು ಏರುತ್ತದೆ. ಇಲ್ಲೂ ಇಳಿತವೇ ಒಳ್ಳೆಯದು. ಮೊಸಳೆ ಎಚ್ಚರಿಕೆಯ ಫಲಕಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2010ರಲ್ಲಿ ಇದೇ ದ್ವೀಪದಲ್ಲಿ ಸ್ನಾರ್ಕಲ್ ಮಾಡುತ್ತಿದ್ದ ಪ್ರವಾಸಿಯೊಬ್ಬರನ್ನು ಮೊಸಳೆ ಕೊಂದಿತ್ತು. ಮ್ಯಾಂಗ್ರೋವ್ ಹತ್ತಿರ, ಹೊಳೆ ಸೇರುವಲ್ಲಿ, ಕತ್ತಲಲ್ಲಿ ನಾನು ನೀರಿಗಿಳಿಯುವುದಿಲ್ಲ.

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಡಿಗೆ ಇಳಿಯುವ ಸ್ಕೂಬಾ ಮಾಡಿದ್ದೂ ಇಲ್ಲೇ. ಈಜು ಬಾರದವರಿಗೂ ಬೋಧಕರು ಜೊತೆಗಿದ್ದು, 12 ಮೀಟರ್ ಆಳದೊಳಗೆ ಮಾಡಿಸುವ ಡೈವ್ ಇದೆ. ಆರೋಗ್ಯದ ಫಾರಂ ಕೊಡುತ್ತಾರೆ, ಉಬ್ಬಸ, ಹೃದಯದ ತೊಂದರೆ ಇದ್ದರೆ ಮುಚ್ಚಿಡಬೇಡಿ. ಇಳಿಯುವಾಗ ಪ್ರತಿ ಮೀಟರಿಗೂ ಮೂಗು ಹಿಡಿದು ಮೆಲ್ಲಗೆ ಊದಬೇಕು, ಕಿವಿ ಬಿಟ್ಟುಕೊಳ್ಳುತ್ತದೆ. ನೋವು ಶುರುವಾದ ಮೇಲೆ ಊದಿದರೆ ತಡವಾಯಿತು ಅಂತಲೇ ಅರ್ಥ. ಹೆಬ್ಬೆರಳು ಎತ್ತಿ ತೋರಿಸಿದರೆ ನೀರಡಿಯಲ್ಲಿ "ಮೇಲೆ ಹೋಗೋಣ" ಅಂತ. ಎಲ್ಲ ಸರಿಯಿದೆ ಅನ್ನಲು ಬೆರಳಲ್ಲಿ ಸೊನ್ನೆ ಮಾಡಬೇಕು. ಮೊದಲ ಕೆಲವು ನಿಮಿಷ ನನ್ನ ಉಸಿರಿನ ಸದ್ದೇ ಕಿವಿ ತುಂಬಿತ್ತು. ಉಸಿರು ನಿಧಾನವಾದಂತೆ ಮೀನುಗಳು ಹತ್ತಿರ ಬಂದವು.

ಲಾಂಗ್ ಐಲ್ಯಾಂಡ್‌ಗೆ ಹಡಗು ವಾರದಲ್ಲಿ ಕೆಲವೇ ದಿನ. ಅಲ್ಲಿ ಕಾಡು ದಾಟಿ ಲಾಲಾಜಿ ಬೇ ಅನ್ನುವ ಬೀಚು ತಲುಪಬೇಕು, ಇಲ್ಲವೇ ಅಲ್ಲಿನವರು ಡುಂಗಿ ಅನ್ನುವ ಸಣ್ಣ ಇಂಜಿನ್ ದೋಣಿಯಲ್ಲಿ ಹೋಗಬೇಕು. ಏಕಾಂತ ಬೇಕಾದವರಿಗೆ ಇದೇ ಸರಿ. ಉತ್ತರದ ಕಡೆಗೆ ರಸ್ತೆಯೂ ಇದೆ, ಆದರೆ ಅದು ಜಾರವಾ ಅನ್ನುವ ಆದಿವಾಸಿ ಜನರ ಮೀಸಲು ಕಾಡನ್ನು ಸೀಳಿ ಹೋಗುತ್ತದೆ. ಅದನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು. ನಮ್ಮ ರಜೆಗಾಗಿ ಅವರ ಮನೆಯಂಗಳದಲ್ಲಿ ವಾಹನ ಓಡಿಸುವುದು ನನಗೆ ಒಪ್ಪಿಗೆಯಿಲ್ಲ. ಕಡಲ ದಾರಿ ಇರುವಾಗ ಅದನ್ನೇ ಹಿಡಿಯಿರಿ ಅಂತ ಕೇಳಿಕೊಳ್ಳುತ್ತೇನೆ.

ಸುತ್ತುವ ಕ್ರಮ ಹೀಗಿರಲಿ: ದೂರದ ಲಾಂಗ್ ಐಲ್ಯಾಂಡ್ ಮೊದಲು, ನಂತರ ಹ್ಯಾವ್‌ಲಾಕ್, ನೀಲ್, ಕೊನೆಗೆ ಪೋರ್ಟ್ ಬ್ಲೇರ್. ವಾಪಸ್ ವಿಮಾನದ ಹಿಂದಿನ ದಿನವೇ ಪೋರ್ಟ್ ಬ್ಲೇರ್‌ನಲ್ಲಿರಬೇಕು. ಹಡಗು ತಪ್ಪಿದರೂ ಆ ಒಂದು ದಿನ ನಮ್ಮನ್ನು ಕಾಪಾಡುತ್ತದೆ. ಡೈವ್ ಮಾಡಿದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು ಅನ್ನುವ ನಿಯಮಕ್ಕೂ ಇದು ಸರಿಹೋಗುತ್ತದೆ. ಆ ದಿನ ಸೆಲ್ಯುಲರ್ ಜೈಲಿಗೆ ಕೊಡಿ, ಅವಸರವಿಲ್ಲದೆ ನೋಡಬೇಕಾದ ಜಾಗ ಅದು. ಬ್ಯಾಗ್ ಕಟ್ಟುವಾಗ ಮಕ್ಕಳ ಜೇಬನ್ನೂ ಒಮ್ಮೆ ನೋಡಿ. ಹವಳದ ಚೂರು ಒಯ್ಯುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ, ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಸಿಕ್ಕಿಬೀಳುತ್ತದೆ.