ಸ್ಕ್ಯಾನಿಗೆ ಮುಂಚಿನ ಒಂದು ಗಂಟೆ

ಲಿಂಫೋಮಾಕ್ಕೆ (ದುಗ್ಧಗ್ರಂಥಿಗಳ ಕ್ಯಾನ್ಸರಿಗೆ) ಕಿಮೋಥೆರಪಿ ಪಡೆಯುತ್ತಿದ್ದ ಒಂಬತ್ತು ವರ್ಷದ ಬಾಲಕಿಯ ಪೆಟ್-ಸಿಟಿ (ಕ್ಯಾನ್ಸರಿನಂತೆ ಹೆಚ್ಚು ಗ್ಲೂಕೋಸ್ ಬಳಸುವ ಜಾಗಗಳನ್ನು ಹೊಳೆಯಿಸಿ ತೋರಿಸುವ ಸ್ಕ್ಯಾನ್) ಚಿತ್ರಗಳನ್ನು ತೆರೆದಾಗ ಕತ್ತಿನ ಎರಡೂ ಬದಿ, ಹೆಗಲು ಮತ್ತು ಬೆನ್ನುಮೂಳೆಯ ಇಕ್ಕೆಲಗಳು ದೀಪ ಹಚ್ಚಿಟ್ಟಂತೆ ಹೊಳೆಯುತ್ತಿದ್ದವು. ಅವಳ ಕಾಯಿಲೆ ಇದ್ದದ್ದೂ ಕತ್ತಿನ ಗ್ರಂಥಿಗಳಲ್ಲೇ. ಸಿಟಿ ಚಿತ್ರದ ಮೇಲೆ ಕೂಡಿಸಿ ನೋಡಿದರೆ, ಹೊಳೆಯುವ ಜಾಗದಲ್ಲಿ ಬಹುಪಾಲು ಕೊಬ್ಬೇ ಕಂಡಿತು. ಮಕ್ಕಳಲ್ಲಿ ಹೆಚ್ಚಾಗಿ ಸಕ್ರಿಯವಾಗಿರುವ ಕಂದು ಕೊಬ್ಬು ಚಳಿಯಾದಾಗ ಮೈ ಬಿಸಿಯಿಡಲು ಗ್ಲೂಕೋಸನ್ನೂ ಬಳಸಿಕೊಳ್ಳುತ್ತದೆ. ಸ್ಕ್ಯಾನಿಗೆಂದು ನಾವು ಚುಚ್ಚಿ ಕೊಡುವ ವಿಕಿರಣಶೀಲ ಮದ್ದಾದ ಎಫ್‌ಡಿಜಿ ಗ್ಲೂಕೋಸನ್ನೇ ಹೋಲುವುದರಿಂದ ಅಲ್ಲಿಗೂ ಸೇರುತ್ತದೆ. ಆ ಹೊಳಪಿನ ನಡುವೆ ಸಿಕ್ಕಿಕೊಂಡಿದ್ದ ಸಣ್ಣ ಗ್ರಂಥಿಯೊಂದರ ಬಗ್ಗೆ ಏನನ್ನೂ ಹೇಳಲಾಗದೆ, ಪರೀಕ್ಷೆಯನ್ನು ಇನ್ನೊಂದು ದಿನ ಮತ್ತೆ ಮಾಡಬೇಕಾಯಿತು. ಕಾಯುವ ಕೋಣೆಯನ್ನು ತಣ್ಣಗಿಟ್ಟ ತಪ್ಪು ನಮ್ಮದು. ಎರಡನೇ ಬಾರಿಯ ವಿಕಿರಣ ಮಗುವಿನ ಮೈಗೆ. ಇದು ನನ್ನನ್ನು ಬಹಳ ಕಾಡಿತು.

ಅಂದಿನಿಂದ ಚುಚ್ಚುಮದ್ದಿಗೆ ಅರ್ಧ ಗಂಟೆ ಮೊದಲೇ ಮಗುವನ್ನು ಬೆಚ್ಚಗಿನ ಕೋಣೆಗೆ ಕರೆತಂದು, ಹೊದಿಕೆ ಹೊದಿಸಿ, ಸ್ಕ್ಯಾನ್ ಆಗುವವರೆಗೂ ಹಾಗೆಯೇ ಇರಿಸುತ್ತೇನೆ. ಅತ್ತು ಒದ್ದಾಡಿದರೆ ಸ್ನಾಯುಗಳೂ ಎಫ್‌ಡಿಜಿಯನ್ನು ಎಳೆದುಕೊಳ್ಳುವುದರಿಂದ, ಸೂಜಿಯ ಕೆಲಸವನ್ನು ಮುಂಚೆಯೇ ಮುಗಿಸಿ, ಅಳು ನಿಂತ ಮೇಲಷ್ಟೇ ಮದ್ದು ಕೊಡುತ್ತೇನೆ. ಮದ್ದಿನ ಪ್ರಮಾಣ ಮಗುವಿನ ತೂಕಕ್ಕೆ ತಕ್ಕಂತೆ. ಎಫ್‌ಡಿಜಿಯಲ್ಲಿರುವ ವಿಕಿರಣಶೀಲ ಫ್ಲೋರಿನ್-18ರ ಅರ್ಧಾಯುಷ್ಯ (ಅದು ಅರ್ಧಕ್ಕಿಳಿಯುವ ಸಮಯ) ಸುಮಾರು 110 ನಿಮಿಷವಾದ್ದರಿಂದ ಈ ತಾಳ್ಮೆಗೆ ಸಮಯವನ್ನು ಮೊದಲೇ ಲೆಕ್ಕ ಹಾಕಿಡಬೇಕು. ಈಚೆಗೆ ತೆಗೆದ ಒಳ್ಳೆಯ ಸಿಟಿ ಇದ್ದರೆ, ಜಾಗ ಗುರುತಿಸಲು ಸಾಕಾಗುವಷ್ಟು ಕಡಿಮೆ ವಿಕಿರಣದ ಸಿಟಿಯನ್ನಷ್ಟೇ ತೆಗೆಯುತ್ತೇನೆ. ಪೆಟ್-ಎಂಆರ್‌ಐನಲ್ಲಿ ಸಿಟಿಯ ಆ ವಿಕಿರಣವೂ ತಪ್ಪುತ್ತದೆ, ಆದರೆ ಹೆಚ್ಚು ಹೊತ್ತು ಅಲುಗಾಡದೆ ಮಲಗಬೇಕಾಗಿರುವುದರಿಂದ ಎಳೆಯ ಮಕ್ಕಳಿಗೆ ಅರಿವಳಿಕೆ ಬೇಕಾಗುವುದೇ ಹೆಚ್ಚು.

ಸೋಂಕಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಉರಿಯೂತದ ಜಾಗಕ್ಕೆ ಧಾವಿಸುವ ಬಿಳಿ ರಕ್ತಕಣಗಳೂ ಗ್ಲೂಕೋಸನ್ನು ಹೇರಳವಾಗಿ ಬಳಸುತ್ತವೆ. ಕಾರಣ ತಿಳಿಯದ ಜ್ವರವಿದ್ದ ಮಗುವಿನ ಬೆನ್ನುಮೂಳೆಯ ಕಶೇರುಕವೊಂದು ಹೊಳೆದಾಗ, ಅದು ಗಡ್ಡೆಯೋ ಸೋಂಕೋ ಎಂದು ಚಿತ್ರವೊಂದರಿಂದಲೇ ತೀರ್ಮಾನಿಸಲು ನಾನು ಒಪ್ಪುವುದಿಲ್ಲ. ಪರೀಕ್ಷೆಗೆ ಅಂಗಾಂಶದ ಚೂರು ತೆಗೆಯುವ ಬಯಾಪ್ಸಿಯ ಸೂಜಿ ಎಲ್ಲಿಗೆ ಹೋಗಬೇಕೆಂದು ನಿಖರವಾಗಿ ತೋರಿಸಿದರೆ ಆ ಚಿತ್ರ ತನ್ನ ಕೆಲಸ ಮಾಡಿದಂತೆಯೇ.

ಆ ಬಾಲಕಿ ಎರಡನೇ ಬಾರಿ ಹೊದಿಕೆಯೊಳಗೆ ನಿದ್ದೆಹೋಗಿದ್ದಳು. ಚಿತ್ರದಲ್ಲಿ ಹೆಗಲೂ ಬೆನ್ನೂ ಶಾಂತವಾಗಿದ್ದವು. ಕತ್ತಿನ ಆ ಒಂದು ಗ್ರಂಥಿಯಲ್ಲಿ ಮಾತ್ರ ಎದೆಯ ನಡುವಿನ ರಕ್ತನಾಳಗಳಿಗಿಂತ ಹೆಚ್ಚು, ಯಕೃತ್ತಿಗಿಂತ ಕಡಿಮೆ ಹೊಳಪು ಉಳಿದಿತ್ತು. ಲಿಂಫೋಮಾ ಚಿಕಿತ್ಸೆಗೆ ಎಷ್ಟು ಬಗ್ಗಿದೆ ಎಂದು ಅಳೆಯುವ ಐದು ಹಂತಗಳ ಡೋವಿಲ್ ಮಾಪನದಲ್ಲಿ ಅದನ್ನು ಮೂರು ಎಂದು ಬರೆದೆ.