ಒಂದು ಗೋಡೆ ಮಾರಾಟಕ್ಕಿಲ್ಲ

ಸಾಗರದ ಹತ್ತಿರ ನಮ್ಮೂರು. ಮನೆಯ ಜಗಲಿಯಲ್ಲಿ ಕೆಮ್ಮಣ್ಣು ಬಳಿದ ಒಂದು ಗೋಡೆ ಇದೆ. ಅದರ ಮೇಲೆ ಬರೆದ ಚಿತ್ತಾರವನ್ನು ನಾನು ಯಾರಿಗೂ ಮಾರುವುದಿಲ್ಲ, ಅದರ ಫೋಟೋ ಕೂಡ ಎಲ್ಲೂ ಹಾಕುವುದಿಲ್ಲ. ಹದಿನಾಲ್ಕು ವರ್ಷದಿಂದ ಹಸೆ ಚಿತ್ತಾರ, ಅಂದರೆ ಮದುವೆ ಮನೆ ಗೋಡೆಗೆ ಬರೆಯುವ ನಮ್ಮ ಕಡೆಯ ಚಿತ್ರ, ಬರೆದೇ ಸಂಸಾರ ನಡೆಸುತ್ತಿದ್ದೇನೆ. ಕಲಿಯಲು ಬರುವ ಹುಡುಗಿಯರು ಕೇಳುತ್ತಾರೆ, "ಅಕ್ಕಾ, ದಿನಾ ಅದೇ ಎಳೆ ಎಳೆದು ಬೇಜಾರಾಗಲ್ವಾ?" ಆಗುತ್ತದೆ. ಅದಕ್ಕೇ ಆ ಗೋಡೆ.

ನೀವೂ ಮೊದಲು ಅಂಥದ್ದೊಂದನ್ನು ಮಾಡಿಕೊಳ್ಳಿ. ಗೋಡೆಯೇ ಆಗಬೇಕೆಂದಿಲ್ಲ, ಹಳೇ ಮೊರ ಆದರೂ ಸಾಕು. ಕೊಟ್ಟಿಗೆ ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಅದಕ್ಕೆ ಕೊಡಿ, ಆಮೇಲೆ ಆರ್ಡರ್ ಕೆಲಸ. ಉಲ್ಟಾ ಮಾಡಬೇಡಿ. ಸಂಜೆ ಹೊತ್ತಿಗೆ ಕೈ ತನ್ನಷ್ಟಕ್ಕೆ ಗಿರಾಕಿ ಕೇಳಿದ್ದನ್ನೇ ಬರೆಯುತ್ತಿರುತ್ತದೆ.

ಬಣ್ಣ ಆದಷ್ಟು ನೀವೇ ಮಾಡಿಕೊಳ್ಳಿ. ಅಕ್ಕಿಯನ್ನು ರಾತ್ರಿ ನೆನೆಸಿ ನುಣ್ಣಗೆ ಅರೆದರೆ ಬಿಳಿ. ಅದೇ ಅಕ್ಕಿಯನ್ನು ಕರ್ರಗೆ ಹುರಿದು ಅರೆದರೆ ಕಪ್ಪು. ಹಳದಿಗೆ ಗುರಿಗೆ ಮರದ ಕಾಯಿ. ಕೆಮ್ಮಣ್ಣನ್ನು ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಳದಲ್ಲಿ ನಿಂತದ್ದನ್ನು ಬಳಸಬೇಕು. ಕುಂಚಕ್ಕೆ ಪುಂಡಿ ನಾರು. ಅಂಗಡಿಯ ಡಬ್ಬಿ ತಂದರೆ ಎರಡು ದಿನದ ಕೆಲಸ ಉಳಿಯುತ್ತದೆ, ನಿಜ. ಆದರೆ ನನಗೆ ಹೊಸದೇನಾದರೂ ಹೊಳೆಯುವುದು ಅಕ್ಕಿ ಅರೆಯುವಾಗಲೇ. ಫ್ರೇಮಿಗೆ ಹೋಗುವ ಚಿತ್ರಕ್ಕೆ ಬಣ್ಣ ಉದುರದಿರಲಿ ಅಂತ ಸ್ವಲ್ಪ ಫೆವಿಕಾಲ್ ಸೇರಿಸುತ್ತೇನೆ. ನಮ್ಮಜ್ಜಿ ಇದ್ದಿದ್ದರೆ ಬೈಯುತ್ತಿದ್ದರು. ಮದುವೆ ಮನೆಯಲ್ಲಿ ಗಂಡು ಹೆಣ್ಣು ಕೂರುವ ಗೋಡೆಗೆ ಹಾಡು ಹೇಳಿಕೊಂಡೇ ಬರೆಯುತ್ತಿದ್ದವರು ಅವರು.

ಮಳೆಗಾಲದ ಜೊತೆ ಜಗಳ ಬೇಡ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಏನೂ ಒಣಗುವುದಿಲ್ಲ. ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಒಂದು ವರ್ಷ ಆಗಸ್ಟಿನಲ್ಲಿ ಆರ್ಡರ್ ಒಪ್ಪಿಕೊಂಡು, ಒಲೆ ಮೇಲಿನ ಅಟ್ಟದಲ್ಲಿ ಒಣಗಲು ಇಟ್ಟು, ಬಿಳಿ ಎಳೆಯೆಲ್ಲ ಹೊಗೆ ಹಿಡಿದು ಕಾಫಿ ಬಣ್ಣಕ್ಕೆ ತಿರುಗಿದ್ದವು. ಈಗ ಆ ನಾಲ್ಕು ತಿಂಗಳು ಪೆನ್ಸಿಲ್ಲಿನಲ್ಲಿ ನಕ್ಷೆ ಹಾಕುವುದು, ನಾರು ಸೀಳಿ ಕುಂಚ ಕಟ್ಟುವುದು, ಹಳಬರ ಮನೆಗೆ ಹೋಗಿ ಕೇಳುವುದು. ಭೂಮಿತಾಯಿಗೆ ಸೀಮಂತ ಮಾಡುವ ಭೂಮಿ ಹುಣ್ಣಿಮೆ ಹತ್ತಿರ ಬಂದರೆ, ಗದ್ದೆಗೆ ಎಡೆ ಒಯ್ಯುವ ಬುಟ್ಟಿಗೆ ಚಿತ್ತಾರ ಬರೆಯುವ ಕೆಲಸ ಹೇಗೂ ಇದ್ದೇ ಇದೆ.

ಇನ್ನು ದುಡ್ಡು. ಒಂದು ರೆಸಾರ್ಟಿನವರು 12 ಫ್ರೇಮ್ ಬೇಕೆಂದರು. ಮುಂಗಡ ಕೇಳಲು ನಾಚಿಕೆಯಾಯಿತು. ಎಂಟು ತಿಂಗಳು ಓಡಾಡಿಸಿದರು. ಈಗ ಅರ್ಧ ದುಡ್ಡು ಕೈಗೆ ಬಂದ ಮೇಲೇ ನಾನು ಅಕ್ಕಿ ನೆನೆಸುವುದು. ಬೆಲೆ ಹೇಳಲು ಗೊತ್ತಾಗದಿದ್ದರೆ ಹೀಗೆ ಮಾಡಿ: ಅದೇ ದಿನ ಅಡಿಕೆ ಸುಲಿಯಲು ಹೋಗಿದ್ದರೆ ಎಷ್ಟು ಸಿಗುತ್ತಿತ್ತು ಅಂತ ಲೆಕ್ಕ ಹಾಕಿ. ಅದಕ್ಕಿಂತ ಕಡಿಮೆಗೆ ಕುಂಚ ಹಿಡಿಯಬೇಡಿ. ಹಾಗಂತ ಅಡಿಕೆ ಸುಲಿಯುವುದು ಅವಮಾನ ಅಂತಲೂ ಅಲ್ಲ. ಆರ್ಡರ್ ಇಲ್ಲದ ವರ್ಷ ನಾನೂ ಹೋಗಿದ್ದೇನೆ. ಮನೆಯಲ್ಲಿ ಅಕ್ಕಿ ಇದ್ದರೆ ತಾನೇ ಅರೆಯುವುದು!

ಬರೀ ಚಿತ್ತಾರವನ್ನೇ ನೋಡುತ್ತಾ ಕೂರಬೇಡಿ. ಹೆಗ್ಗೋಡಿಗೆ ಹೋಗಿ ನೀನಾಸಂನಲ್ಲಿ ನಾಟಕ ನೋಡಿ. ಕೆಳದಿಯ ದೇವಸ್ಥಾನದಲ್ಲಿ ತಲೆಯೆತ್ತಿ, ಛಾವಣಿಯ ಗಂಡಭೇರುಂಡವನ್ನು ಕುತ್ತಿಗೆ ನೋಯುವ ತನಕ ನೋಡಿ. ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಜಾತ್ರೆಯಲ್ಲಿ ನಾನು ಚಿತ್ರ ಮಾರಲು ಕೂತರೂ ಒಂದು ಮಧ್ಯಾಹ್ನ ಮಗಳನ್ನು ಕೂರಿಸಿ, ಸುಮ್ನೆ ತಿರುಗಲು ಹೊರಡುತ್ತೇನೆ.

ಈ ವರ್ಷ ನನ್ನ ಗೋಡೆಗೆ ತೇರು ಬರೆಯಲು ಹೋಗಿ ಒಂದು ಚಕ್ರ ಓರೆಯಾಗಿದೆ. "ಈ ತೇರು ಎಲ್ಲಿಗೆ ಹೋಗುತ್ತೆ ಮಾರಾಯ್ತಿ?" ಅಂತ ಅತ್ತೆ ದಿನಾ ನಗುತ್ತಾರೆ. ಭೂಮಿ ಹುಣ್ಣಿಮೆಗೆ ಗೋಡೆ ಸಾರಿಸುವ ತನಕ ಹಾಗೇ ಇರಲಿ ಅಂತ ಬಿಟ್ಟಿದ್ದೇನೆ.